ಕೊನೆಗೆ ಉಣ್ಣುವವರು

ಚಳಿಗಾಲದಲ್ಲಿ ದೆಹಲಿಯ ದ್ವಾರಕಾದಲ್ಲಿ ಬೆಳಗಾಗುವುದು ಗೊತ್ತೇ ಆಗುವುದಿಲ್ಲ. ಮಂಜು ಸ್ವಲ್ಪ ಬಿಳಿಯಾಗುತ್ತದೆ, ಅಷ್ಟೆ. ಎಂಟನೆಯ ಮಹಡಿಯ ನಮ್ಮ ಬಾಲ್ಕನಿಯಿಂದ ನೋಡಿದರೆ ಕೆಳಗಿನ ಪಾರ್ಕೂ ಇಲ್ಲ, ಎದುರಿನ ಸೊಸೈಟಿಯೂ ಇಲ್ಲ. ಮೆಟ್ರೋ ಮಾತ್ರ ಎಲ್ಲೋ ಉಸಿರುಬಿಟ್ಟು ಹೋಗುತ್ತದೆ. ಅಂಥ ಹೊತ್ತಿನಲ್ಲಿ ಅರ್ಧ ನಿದ್ದೆಯಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರೆ ನನ್ನ ಕಾಲಿಗೊಂದು ಬೆಚ್ಚನೆಯ ಭಾರ ಬಂದು ಒರಗುತ್ತದೆ. ಅದು ನಮ್ಮ ನಾಯಿ. ಅವನಿಗೊಂದು ಹೆಸರಿದೆ, ಆದರೆ ಇಲ್ಲಿ ಬರೆಯುವುದಿಲ್ಲ. ಹೆಸರು ಕೇಳಿದರೆ ಬಿಸ್ಕೆಟ್ ಬಂತೆಂದೇ ತಿಳಿಯುವ ಪ್ರಾಣಿ, ಬರೆದದ್ದೂ ಕೇಳಿಸೀತು.

ಅವನು ಒರಗಿದ ಕೂಡಲೇ ಮಂಜಿನೊಳಗಿಂದ ಒಂದೊಂದೇ ಕಾಣತೊಡಗುತ್ತವೆ. ಒಂದು ಬೆತ್ತದ ಕುರ್ಚಿ, ಒಂದು ಗಿಡ್ಡ ಸ್ಟೂಲು, ಒಂದು ಸ್ಟೀಲಿನ ಬಟ್ಟಲು. ಆಮೇಲೆ ಅತ್ತೆ ಕಾಣುತ್ತಾರೆ, ಕೈಯಲ್ಲಿ ಸೌಟು ಹಿಡಿದುಕೊಂಡು.

ನಾನು ಈ ಊರಿಗೆ ಓದಲು ಬಂದವಳು. ಹಾಸ್ಟೆಲಿನ ರಾಜ್ಮಾ ತಿಂದು ನಾಲಿಗೆ ಸತ್ತುಹೋಗಿ, ಭಾನುವಾರಕ್ಕೊಮ್ಮೆ ದೋಸೆಗೆಂದು ಒಂದು ಉಡುಪಿ ಹೋಟೆಲಿಗೆ ಹೋಗುತ್ತಿದ್ದೆ. ದೋಸೆ ಎಷ್ಟು ಹಿಡಿಸಿತೆಂದರೆ ಗಲ್ಲಾದಲ್ಲಿ ಕೂತಿದ್ದ ಯಜಮಾನರ ಮಗನನ್ನೇ ಮದುವೆಯಾದೆ. ಪಿಎಚ್‌ಡಿ ಮುಗಿಯುವ ಮೊದಲೇ ನಾನು ಹೋಟೆಲಿನ ಸೊಸೆ. ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಆದರೆ ನಮ್ಮ ಮನೆಗೆ ಬಂದವರು ಇವತ್ತಿಗೂ ನನ್ನನ್ನು ಮೊದಲು ಕೇಳುವುದು ಸಾಂಬಾರಿನ ಪುಡಿಯ ಹದವನ್ನೇ.

ಮಾವನದು ಒಂದು ನಿಯಮವಿತ್ತು. ಯಜಮಾನ ಕೊನೆಗೆ ಉಣ್ಣಬೇಕು. ಮೊದಲು ಗಿರಾಕಿ, ಆಮೇಲೆ ಸಪ್ಲೈಯರ್‌ಗಳು, ಅಡಿಗೆಯವರು, ಪಾತ್ರೆ ತೊಳೆಯುವವರು, ಎಲ್ಲರದ್ದೂ ಆದ ಮೇಲೆ ಗಲ್ಲಾದಲ್ಲಿ ಕೂತವನು. ಹಸಿದ ಬಾಯೊಂದು ಬಾಕಿ ಇರುವಾಗ ಉಂಡವನು ಯಜಮಾನನೇ ಅಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಅತ್ತೆಯದೂ ಅದೇ ಕ್ರಮ. ಎಲ್ಲರ ಎಲೆಗೂ ಬಡಿಸಿ, ಸೌಟು ಹಿಡಿದು ನಿಂತು, "ಸಾವಕಾಶ ಊಟ ಮಾಡಿ, ಸಾವಕಾಶ" ಎಂದು ಹೇಳಿ, ಎಲ್ಲರೂ ಕೈತೊಳೆದ ಮೇಲೆ ತಾವು ಕೂರುತ್ತಿದ್ದರು. ಹೊಸದರಲ್ಲಿ ನನಗಿದು ಶೋಷಣೆಯಾಗಿ ಕಂಡು, ಅತ್ತೆಗೆ ಸ್ತ್ರೀ ಸಮಾನತೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದ್ದೆ. ಅವರು ಪೂರ್ತಿ ಕೇಳಿ, "ಆಯ್ತು, ಈಗ ಉಪ್ಪಿನಕಾಯಿ ಹಾಕ್ಲಾ?" ಎಂದಿದ್ದರು.

ಹೀಗೆ ನಮ್ಮ ಮನೆಯ ನಡತೆಯೆಲ್ಲ "ನೀವು ಮೊದಲು" ಎನ್ನುವುದರ ಮೇಲೆ ನಿಂತಿತ್ತು. ಬಾಗಿಲಲ್ಲಿ ನೀವು ಮೊದಲು, ಲಿಫ್ಟಿನಲ್ಲಿ ನೀವು ಮೊದಲು, ಬಿಸಿ ಕಾಫಿಗೆ ನೀವು ಮೊದಲು.

ಮಾವ ತೀರಿಕೊಂಡ ಮೇಲೆ ಅವರ ಬೆತ್ತದ ಕುರ್ಚಿ ಬಾಲ್ಕನಿಯ ಬಾಗಿಲಲ್ಲಿ ಖಾಲಿ ಉಳಿಯಿತು. ಯಾರೂ ಕೂರಲಿಲ್ಲ, ಯಾರೂ ಎತ್ತಿಡಲಿಲ್ಲ. ಆ ಬೇಸಿಗೆಯಲ್ಲೇ ಅತ್ತೆ ಒಮ್ಮೆ ತಲೆಸುತ್ತಿ ಬಿದ್ದು, ಅವರಿಗೆ ಸಕ್ಕರೆ ಕಾಯಿಲೆ ಜೋರಾಗಿದೆಯೆಂದು ಗೊತ್ತಾಯಿತು. ಡಾಕ್ಟರು ಖಡಾಖಂಡಿತ ಹೇಳಿದರು. ಮಾತ್ರೆ ನುಂಗಿ ಸಂಜೆ ಏಳಕ್ಕೆಲ್ಲ ಊಟ, ಯಾರಿಗೂ ಕಾಯುವ ಹಾಗಿಲ್ಲ, ಒಲೆಯ ಮುಂದೆ ನಿಲ್ಲುವ ಹಾಗಿಲ್ಲ. ಸೌಟು ನನ್ನ ಕೈಗೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನಗಂತೂ ಆ ಕಾಲ ಬಂದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಸಂಜೆಯಾದರೆ ಅತ್ತೆ ಡೈನಿಂಗ್ ಟೇಬಲ್ಲಿನ ಮುಂದೆ ಒಬ್ಬರೇ ಕೂತು, ಎರಡು ತುತ್ತು ಉಂಡು, "ಸಾಕು" ಎಂದು ತಟ್ಟೆ ಸರಿಸುತ್ತಿದ್ದರು.

ಅಡಿಗೆ ಬದಲಿಸಿದೆ, ಬೇಡಿಕೊಂಡೆ, ಗದರಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಯಾವುದೂ ನಡೆಯಲಿಲ್ಲ. ಅವರ ರವಿಕೆಯ ತೋಳು ದಿನೇ ದಿನೇ ಸಡಿಲವಾಗುತ್ತ ಹೋಯಿತು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನ ನಳಿಗೆಯಲ್ಲಿ ಊಟ ಕೊಡಬೇಕಾಗುತ್ತದೆ ಎಂದರು ಡಾಕ್ಟರು. ಆ ಮಾತು ಕೇಳಿದಂದಿನಿಂದ ನನಗೆ ಸಂಜೆಯೆಂದರೆ ಭಯ.

ಮನೆಯ ಈ ಮೌನ ತಡೆಯಲಾರದೆ ಮಗಳು ನಾಯಿಮರಿ ತಂದಳು. ಅವಳಿಗಾಗ ಹದಿನಾಲ್ಕು ವರ್ಷ, ದೆಹಲಿಯಲ್ಲೇ ಹುಟ್ಟಿದವಳು. ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಆಟೋ ಹತ್ತುತ್ತದೆ. ಘಾಜಿಯಾಬಾದಿನ ಗೆಳತಿಯ ಮನೆಯ ಮೆಟ್ಟಿಲ ಕೆಳಗೆ ಬೀದಿನಾಯಿ ಹಾಕಿದ ಮರಿ ಅದು. ಕಂದು ಬಣ್ಣ, ಒಂದು ಕಿವಿ ನಿಂತದ್ದು, ಇನ್ನೊಂದು ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಿದ್ದದ್ದು. ಸ್ಕೂಲ್ ಬ್ಯಾಗಿನೊಳಗಿಂದ ಅದರ ಮೂತಿ ಹೊರಗೆ ತೆಗೆದು, "ಅಜ್ಜಿ, ದೇಖೋ ನಾ, ಎಷ್ಟು ಪ್ಯಾರಾ ಇದೆ!" ಎಂದಳು. ಅತ್ತೆ ಮುಟ್ಟಲಿಲ್ಲ. "ಅದಕ್ಕೆ ಎಂತಾದ್ರೂ ಹಾಕಿದಿರಾ?" ಎಂದು ಮಾತ್ರ ಕೇಳಿದರು.

ಬಂದವನನ್ನು ನಾವು ನಮ್ಮ ಕ್ರಮದಂತೆಯೇ ನಡೆಸಿಕೊಂಡೆವು. ಹಾಲು ಬಿಸಿಯಾದರೆ ಅವನಿಗೆ ಮೊದಲು. ಬಾಗಿಲು ತೆರೆದರೆ ಅವನು ಮೊದಲು ಓಡಲೆಂದು ನಾವು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಸೋಫಾದಲ್ಲಿ ಮಲಗಿದ್ದರೆ ನಾವು ನೆಲದಲ್ಲಿ ಕೂತು ಟೀವಿ ನೋಡುತ್ತಿದ್ದೆವು. ಆರು ತಿಂಗಳು ತುಂಬುವ ಹೊತ್ತಿಗೆ ಅವನು ಪಾರ್ಕಿನಲ್ಲಿ ನನ್ನನ್ನು ಎಳೆದಾಡತೊಡಗಿದ, ಲಿಫ್ಟಿನಲ್ಲಿ ಬಂದವರಿಗೆಲ್ಲ ಬೊಗಳಿದ, ಕೊನೆಗೊಂದು ದಿನ ಮಾವನ ಬೆತ್ತದ ಕುರ್ಚಿ ಹತ್ತಿ ಕೂತ. ನನ್ನ ಗಂಡ ಇಳಿಸಲು ಹೋದರೆ ಹಲ್ಲು ತೋರಿಸಿ ಗುರ್ ಎಂದ.

ಅಪ್ಪನ ಕುರ್ಚಿಯಿಂದ ಗುರ್ ಅನ್ನಿಸಿಕೊಂಡದ್ದು ಅವರಿಗೆ ತುಂಬ ನಾಟಿತು. ನಾಯಿಯನ್ನು ಸಿಂಹಾಸನದಲ್ಲಿ ಕೂರಿಸಿದರೂ ಎಂಬ ಗಾದೆಯನ್ನು ಅರ್ಧಕ್ಕೇ ನಿಲ್ಲಿಸಿ, "ಯಾರಿಗಾದ್ರೂ ಕೊಟ್ಟುಬಿಡೋಣ" ಎಂದರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಅತ್ತೆ ಮಾತ್ರ ಕುರ್ಚಿಯ ಕಡೆ ನೋಡಿ, "ಖಾಲಿ ಇತ್ತು, ಕೂತಿತು. ಅದರದ್ದೆಂತ ತಪ್ಪು?" ಎಂದರು.

ಆಗ ಬಂದವನು ಟ್ರೈನರ್. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಬರುತ್ತಿದ್ದ. ದೊಡ್ಡ ಮೀಸೆ, ಸಣ್ಣ ದನಿ. ನಾವು ಕೊಟ್ಟ ಇಡ್ಲಿಯನ್ನು ತಿನ್ನುತ್ತ ನಮ್ಮೆಲ್ಲರನ್ನೂ ಸ್ವಲ್ಪ ಹೊತ್ತು ನೋಡಿ, "ಘರ್ ಮೇ ಬಾಸ್ ಕೌನ್ ಹೈ?" ಎಂದು ಕೇಳಿದ.

ಈ ಮನೆಗೆ ಯಜಮಾನರು ಯಾರು ಎಂಬ ಪ್ರಶ್ನೆಯನ್ನು ಮಾವ ಹೋದಮೇಲೆ ಯಾರೂ ಕೇಳಿರಲಿಲ್ಲ. ಗಂಡ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಮಗಳು ಕುರ್ಚಿಯಲ್ಲಿದ್ದ ನಾಯಿಯತ್ತ ಬೆರಳು ತೋರಿಸಿದಳು.

ನಾಯಿಯ ಕಣ್ಣಿಗೆ ಮನೆಯೆಂದರೆ ಒಂದು ಹಿಂಡು, ಹಿಂಡಿಗೊಬ್ಬ ನಾಯಕ ಬೇಕೇ ಬೇಕು ಎಂದು ಅವನು ವಿವರಿಸಿದ. ನಾಯಕನಾದವನು ಬಾಗಿಲಲ್ಲಿ ಮೊದಲು ಹೋಗುತ್ತಾನೆ, ಎತ್ತರದ ಜಾಗದಲ್ಲಿ ಕೂರುತ್ತಾನೆ, ಎಲ್ಲರಿಗಿಂತ ಮೊದಲು ತಿನ್ನುತ್ತಾನೆ. ನೀವು ಈ ಮೂರನ್ನೂ ಅವನಿಗೇ ಕೊಟ್ಟಿದ್ದೀರಿ. ಅವನು ಕೆಟ್ಟವನಲ್ಲ, ಮನೆಯ ಭಾರ ತನ್ನ ಮೇಲೆ ಬಿತ್ತೆಂದು ಹೆದರಿದ್ದಾನೆ ಎಂದ. ಹಿಂಡು, ನಾಯಕ ಎಂಬ ಮಾತನ್ನೆಲ್ಲ ಈಗಿನವರು ಅಷ್ಟಾಗಿ ಒಪ್ಪುವುದಿಲ್ಲವೆಂದು ಮಗಳು ಎಲ್ಲೋ ಓದಿ ಆಮೇಲೆ ಹೇಳಿದಳು. ಇರಬಹುದು. ಆದರೆ ಹೆದರಿದ್ದಾನೆ ಎಂಬ ಮಾತು ಕೇಳಿ ನನಗೆ ಮೊದಲ ಸಲ ಅವನ ಮೇಲೆ ಮರುಕ ಹುಟ್ಟಿತು.

ಪಾಠ ಶುರುವಾಯಿತು. ಪಾಠ ಅವನಿಗಲ್ಲ, ನಮಗೆ. ಬಾಗಿಲಲ್ಲಿ ನಾವು ಮೊದಲು ಹೋಗಬೇಕು. ನನ್ನ ಗಂಡನಿಗೆ ಅದು ಬರಲೇ ಇಲ್ಲ. ಬಾಗಿಲು ತೆರೆದ ಕೂಡಲೇ ಅವರ ಕೈ ತಾನಾಗಿ ಗಿರಾಕಿಗೆ ದಾರಿ ತೋರಿಸುವ ಹಾಗೆ ಮುಂದೆ ಚಾಚಿಕೊಳ್ಳುತ್ತಿತ್ತು. "ಸರ್, ಯೇ ಕಸ್ಟಮರ್ ನಹೀ ಹೈ" ಎಂದು ಟ್ರೈನರ್ ತಲೆ ಚಚ್ಚಿಕೊಂಡ. ನಾನು ಬೇಗ ಕಲಿತೆ. ನಲವತ್ತು ವರ್ಷದ ಸಭ್ಯತೆ ನನ್ನಲ್ಲಿ ಇಷ್ಟು ಸಡಿಲವಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಮಂಜು ತುಂಬಿದ ಪಾರ್ಕಿನಲ್ಲಿ ನಾನು ಮುಂದೆ, ಅವನು ಪಕ್ಕದಲ್ಲಿ. ಮುಂದಿನ ದಾರಿ ಇಬ್ಬರಿಗೂ ಕಾಣುತ್ತಿರಲಿಲ್ಲ. ಆದರೂ ಅವನು ಹಗ್ಗ ಎಳೆಯದೆ ನಡೆಯುತ್ತಿದ್ದ, ನನಗೆಲ್ಲ ಗೊತ್ತಿದೆ ಎಂದುಕೊಂಡು.

ಕಷ್ಟವಾದದ್ದು ಊಟದ ಪಾಠ. ಬಟ್ಟಲು ನೆಲದಲ್ಲಿಟ್ಟು ಅವನನ್ನು ಕೂರಿಸಬೇಕು. ಮನೆಯವರೊಬ್ಬರು ಅವನ ಕಣ್ಣೆದುರು ಮೊದಲ ತುತ್ತು ತಿನ್ನಬೇಕು. ಆಮೇಲೆ ಒಂದು ಮಾತು ಹೇಳಿದರೆ ಅವನು ತಿನ್ನಬೇಕು, ಅಲ್ಲಿಯವರೆಗೆ ಕಾಯಬೇಕು. ನಮ್ಮ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದ ಊಟ ಒಂದೇ, ಅತ್ತೆಯದು. ಹಾಗಾಗಿ ಏಳು ಗಂಟೆಗೆ ಅವರ ಟೇಬಲ್ಲಿನ ಪಕ್ಕದಲ್ಲೇ ಬಟ್ಟಲಿಟ್ಟೆವು. ಅಷ್ಟರಲ್ಲಿ ಟ್ರೈನರ್ ಅವನಿಗೆ ಕಾಯುವುದನ್ನು ಕಲಿಸಿದ್ದ. ಟೈಲ್ಸಿನ ಮೇಲೆ ಜೊಲ್ಲಿನ ಕೊಳವಾದರೂ ಅಲುಗಾಡುತ್ತಿರಲಿಲ್ಲ.

ಆದರೆ ಅತ್ತೆ ತುತ್ತೆತ್ತಲಿಲ್ಲ.

"ಅದು ಬಾಯಿ ನೋಡ್ತಾ ಕೂತಿದೆ, ನಾನು ಹೇಗೆ ಉಣ್ಣುದು? ಮೊದಲು ಅದಕ್ಕೆ ಹಾಕಿ."

"ಅಜ್ಜಿ, ಹಾಗಲ್ಲ! ಆಪ್ ಪೆಹಲೇ ಖಾವೋ ನಾ, ಆಮೇಲೆ ಅವನು ತಿಂತಾನೆ."

"ಅದು ತಿಂದ ಮೇಲೆ ನಾನು ಉಣ್ತೇನೆ."

ಅವರು ಉಣ್ಣದೆ ಅವನು ಮುಟ್ಟುವುದಿಲ್ಲ, ಅವನು ಮುಟ್ಟದೆ ಅವರು ಉಣ್ಣುವುದಿಲ್ಲ. ಅನ್ನ ಆರಿತು, ಬಟ್ಟಲಿನಲ್ಲಿದ್ದ ನಾಯಿತಿಂಡಿಯ ಕಾಳು ಮೆತ್ತಗಾಯಿತು. ಇಬ್ಬರು ಹಟಮಾರಿಗಳು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಮೊದಲೇ ಎರಡು ತುತ್ತು ಉಣ್ಣುತ್ತಿದ್ದ ಅತ್ತೆ ಈಗ ಅದನ್ನೂ ಬಿಟ್ಟರು. ನನಗೆ ಅಳು ಬಂತು, ಅಳುವುದಕ್ಕಿಂತ ಸಿಟ್ಟಾಗುವುದು ಸುಲಭ, ಸಿಟ್ಟಾದೆ. ಮರುದಿನ ಸಂಜೆ ತಟ್ಟೆಯನ್ನು ಟೇಬಲ್ಲಿಗೆ ಕುಕ್ಕಿ, "ಅತ್ತೆ, ನಿಮಗೇನು ಬೇಕು ಅಂತ ಬಾಯಿಬಿಟ್ಟು ಹೇಳಿ. ನೀವು ಹೀಗೆ ಒಣಗಿಹೋಗುವುದನ್ನು ನನ್ನಿಂದ ನೋಡಲಿಕ್ಕಾಗುವುದಿಲ್ಲ" ಎಂದೆ.

ಅವರು ತಲೆಯೆತ್ತಿ ಕೇಳಿದರು, "ನೀವೆಲ್ಲ ಉಂಡ್ರಾ?"

"ಇಲ್ಲ. ನಮ್ಮದು ಆಮೇಲೆ."

"ನೀವು ಉಣ್ಣದೆ, ಅದು ಉಣ್ಣದೆ, ನಾನೊಬ್ಬಳೇ ಮೊದಲು ಉಣ್ಣುದಾ? ನಾನೆಂತ ಈ ಮನೆಗೆ ಬಂದ ನೆಂಟಳಾ?"

ಇಷ್ಟು ದಿನ ನಾವು ಅವರಿಗೆ ಬಡಿಸಿದ್ದು ನೆಂಟರಿಗೆ ಬಡಿಸುವ ಹಾಗೆಯೇ. ಸಾಯುವವರೆಗೂ ಮಾವ ಕೊನೆಗೆ ಉಂಡರು, ಅವರ ಹೆಂಡತಿಯನ್ನು ನಾವು ಎಲ್ಲರಿಗಿಂತ ಮೊದಲು, ಒಬ್ಬರನ್ನೇ ಕೂರಿಸಿದೆವು. ಅವರಿಗೆ ಹಸಿವಿತ್ತು, ಆದರೆ ಆ ಜಾಗದಲ್ಲಿ ಕೂತು ಉಣ್ಣುವುದು ಅವರಿಂದಾಗುತ್ತಿರಲಿಲ್ಲ.

"ಸೌಟು ಕೊಡು" ಎಂದರು. ಕೊಟ್ಟೆ.

ಅವತ್ತಿನಿಂದ ನಮ್ಮ ಊಟ ಆರೂವರೆಗೆ ಬಂತು. ನಾಯಿಗೆ ಶಿಸ್ತು ಕಲಿಸಲು ಹೊರಟವರು ನಾವೇ ಸೂರ್ಯ ಮುಳುಗುತ್ತಲೇ ಉಣ್ಣುವ ಶಿಸ್ತು ಕಲಿತೆವು. ಅತ್ತೆ ಕೂತಲ್ಲಿಂದಲೇ ನನಗೂ ಮಗಳಿಗೂ ಬಡಿಸುವರು. ಸಂಜೆಯ ಗಿರಾಕಿಗಳು ಬರುವ ಮೊದಲು ಹೋಟೆಲಿನಲ್ಲಿರುವ ಮಗನಿಗೆ ಫೋನ್ ಮಾಡಿಸಿ, "ಹುಡುಗರದ್ದೆಲ್ಲ ಆಯ್ತಾ? ನಿಂದಾಯ್ತಾ?" ಎಂದು ಕೇಳುವರು. ಹೋಟೆಲಿನ ಸ್ಟಾಫ್ ಊಟವೂ ಅತ್ತೆಗಾಗಿ ಒಂದು ಗಂಟೆ ಮೊದಲೇ ಆಗತೊಡಗಿತು. ಎಲ್ಲರದ್ದೂ ಆಯಿತೆಂದು ಖಾತ್ರಿಯಾದ ಮೇಲೆ, ತರಕಾರಿ ಹೆಚ್ಚುವಾಗ ಕೂರುತ್ತಿದ್ದ ಗಿಡ್ಡ ಸ್ಟೂಲನ್ನು ಬಟ್ಟಲಿನ ಪಕ್ಕಕ್ಕೆ ಎಳೆದು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತರು. ಮನೆಯಲ್ಲಿ ಉಣ್ಣಲು ಬಾಕಿಯಿದ್ದವರು ಇಬ್ಬರೇ. ಅವರು ಮೊದಲ ತುತ್ತು ಬಾಯಿಗಿಟ್ಟು ಅವನ ಕಡೆ ತಿರುಗಿ, ಐವತ್ತು ವರ್ಷ ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದರು.

"ಸಾವಕಾಶ."

ಅವನು ಬಟ್ಟಲಿಗೆ ಬಾಯಿ ಹಾಕಿದ. ಅವರು ಎರಡನೆಯ ತುತ್ತು ಕಲಸಿದರು, ಮೂರನೆಯದೂ ಕಲಸಿದರು. ತಟ್ಟೆ ಖಾಲಿಯಾಗುವುದನ್ನು ನಾನು ಅಡಿಗೆಮನೆಯ ಬಾಗಿಲ ಮರೆಯಿಂದ ನೋಡಿದೆ. ದೇವರ ದೀಪ ಆರದಿರಲೆಂದು ನೋಡುವ ಹಾಗೆ ಉಸಿರು ಬಿಗಿಹಿಡಿದು ನೋಡಿದೆ.

ಮುಂದಿನ ಭಾನುವಾರ ಟ್ರೈನರ್ ಬಂದು ನೋಡಿ ಮೀಸೆಯಲ್ಲೇ ನಕ್ಕ. "ಬಾಸ್ ಮಿಲ್ ಗಯಾ" ಎಂದ. ಬಾಸ್ ಎನಿಸಿಕೊಂಡವರು ನಾಯಿಯನ್ನು ಒಂದು ಸಲವೂ ಗದರಿದವರಲ್ಲ, ಕೂರು, ನಿಲ್ಲು ಎಂದವರಲ್ಲ. ಅವರು ಹತ್ತಿರ ಬಂದರೆ ಅವನು ಬೆತ್ತದ ಕುರ್ಚಿಯಿಂದ ತಾನಾಗಿ ಇಳಿಯುತ್ತಿದ್ದ. ಮೊದಮೊದಲು ಅತ್ತೆ "ಇರ್ಲಿ, ಕೂತ್ಕೋ" ಎಂದು ಮುಂದೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವನು ಇಳಿದು ಪಕ್ಕದಲ್ಲಿ ನಿಂತೇ ಇದ್ದ. ಅತ್ತೆ ಒಂದು ಗಳಿಗೆ ಕುರ್ಚಿಯ ಕೈಹಿಡಿ ಸವರಿ, ಸೆರಗು ಸರಿಮಾಡಿಕೊಂಡು, ಅದರಲ್ಲಿ ಕೂತರು.

ಆಮೇಲಿನ ದಿನಗಳು ನನಗೆ ಒಂದೇ ಉದ್ದನೆಯ ಮಧ್ಯಾಹ್ನವಾಗಿ ನೆನಪಿವೆ. ಬಾಲ್ಕನಿಗೆ ಚಳಿಗಾಲದ ಬಿಸಿಲು ಬಂದು ಕಟಕಟೆಯ ನೆರಳನ್ನು ಇಬ್ಬರ ಮೇಲೂ ಗೆರೆಗೆರೆಯಾಗಿ ಹಾಸುತ್ತಿತ್ತು. ಕಿತ್ತಳೆ ಸಿಪ್ಪೆಯ ವಾಸನೆ. ಕೆಳಗೆ ಯಾರೋ ಭಯ್ಯಾ ಹಸಿ ಬಟಾಣಿ ಮಾರುತ್ತ ಕೂಗುವ ದನಿ ಎಂಟು ಮಹಡಿ ಹತ್ತುವಷ್ಟರಲ್ಲಿ ಜೋಗುಳದಷ್ಟು ಮೆತ್ತಗಾಗುತ್ತಿತ್ತು. ನಾನು ಉತ್ತರಪತ್ರಿಕೆ ತಿದ್ದುತ್ತ ತೂಕಡಿಸುತ್ತಿದ್ದೆ. ಅತ್ತೆ ಅರೆನಿದ್ದೆಯಲ್ಲಿ ಅವನೊಂದಿಗೆ ಮಾತಾಡುತ್ತಿದ್ದರು.

"ನೀನು ಸಮುದ್ರ ನೋಡಿಲ್ಲ ಅಲ್ವಾ? ನಮ್ಮಲ್ಲಿ ಉಂಟು. ಸಂಜೆ ಹೋದ್ರೆ ಕಾಲಡಿಯ ಹೊಯಿಗೆಯನ್ನೇ ಎಳ್ಕೊಂಡು ಹೋಗ್ತದೆ. ನಿಂತಲ್ಲೇ ನಿಂತಿದ್ರೂ ಹೋದ ಹಾಗೆ ಆಗ್ತದೆ."

ಅವನು ನಿದ್ದೆಯಲ್ಲೇ ಕಾಲು ಆಡಿಸುತ್ತಿದ್ದ. ಆ ಮರಳಿನ ಮೇಲೆಯೇ ಓಡುತ್ತಿದ್ದನೋ ಏನೋ. ನನಗೂ ಕಣ್ಣು ಮುಚ್ಚಿದರೆ ದೂರದ ಮೆಟ್ರೋದ ಸದ್ದು ತೆರೆಯಾಗಿ ಕೇಳುತ್ತಿತ್ತು.

ಹೀಗೆ ಎರಡು ಚಳಿಗಾಲ ಕಳೆದವು. ಮೂರನೆಯದು ಮುಗಿಯುತ್ತ ಬಂದಾಗ, ಪಾರ್ಕಿನ ಬೂರುಗದ ಮರ ಎಲೆಯಿಲ್ಲದೆ ಕೆಂಪಗೆ ಹೂಬಿಟ್ಟಿದ್ದ ಒಂದು ಬೆಳಿಗ್ಗೆ, ಅತ್ತೆ ಏಳಲಿಲ್ಲ. ಹಿಂದಿನ ಸಂಜೆ ಅವರು ಹೊಟ್ಟೆ ತುಂಬ ಉಂಡಿದ್ದರು. ಆ ದಿನಗಳಲ್ಲಿ ನಾನು ಹಿಡಿದುಕೊಂಡದ್ದು ಆ ಒಂದು ಸಮಾಧಾನವನ್ನು.

ನಾಯಿ ಮತ್ತೆ ಗುರ್ ಅನ್ನಲಿಲ್ಲ, ಕುರ್ಚಿ ಹತ್ತಲಿಲ್ಲ. ಆದರೆ ಬಟ್ಟಲಿಟ್ಟರೆ ಗಿಡ್ಡ ಸ್ಟೂಲನ್ನು ನೋಡುತ್ತ ಕೂರುತ್ತಿದ್ದ. ಯಾರೂ ಇಲ್ಲದಾಗ ಕಳ್ಳನ ಹಾಗೆ ನಾಲ್ಕು ಕಾಳು ತಿಂದು ಉಳಿದದ್ದನ್ನು ಬಿಡುತ್ತಿದ್ದ. ಪಕ್ಕೆಲುಬು ಕಾಣತೊಡಗಿತು. ಇನ್ನೊಬ್ಬರು ಕಣ್ಣೆದುರೇ ಒಣಗುವುದನ್ನು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಟ್ರೈನರ್‌ಗೆ ಫೋನ್ ಮಾಡಿದೆ. "ಅವನಿಗೆ ಲೀಡರ್ ಬೇಕು, ಮೇಡಂ. ಅಬ್ ಆಪ್ ಬನಿಯೇ" ಎಂದ. ಇನ್ನು ಲೀಡರ್ ನಾನೇ ಆಗಬೇಕಂತೆ. ಆಗುವುದೆಂದರೆ ಹೇಗೆ? ಅವನೆದುರು ಬೆನ್ನು ನೆಟ್ಟಗೆ ಮಾಡಿ ಕೂತು, ಮೊದಲ ತುತ್ತು ತಿಂದು, "ಸಾವಕಾಶ" ಎಂದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವ ದನಿ ಅದು. ಅವನು ನನ್ನನ್ನು ನೋಡಿ, ಸ್ಟೂಲನ್ನು ನೋಡಿ, ತಲೆ ಕೆಳಗೆ ಹಾಕಿದ.

ಹದಿಮೂರನೆಯ ದಿನ ಮನೆಯಲ್ಲೇ ಊಟ ಇಟ್ಟುಕೊಂಡೆವು. ಹೋಟೆಲಿಗೆ ರಜೆ. ಊರಿನಿಂದ ಬಂದ ನೆಂಟರು, ಸೊಸೈಟಿಯವರು, ಹೋಟೆಲಿನ ಹುಡುಗರೆಲ್ಲ ಪಂಕ್ತಿ ಪಂಕ್ತಿಯಾಗಿ ಉಂಡರು. ಸೌಟು ನನ್ನ ಕೈಯಲ್ಲಿತ್ತು. ಎಷ್ಟು ಸಲ ಬಗ್ಗಿದೆನೋ, ಎಷ್ಟು ಸಲ ಸಾವಕಾಶ ಎಂದೆನೋ ತಿಳಿಯದು. ಗಂಡನಿಗೂ ಮಗಳಿಗೂ ಬಡಿಸಿದೆ. ಪಾತ್ರೆ ತೊಳೆಯಲು ಬಂದವಳಿಗೂ ಬಡಿಸಿದ ಮೇಲೆ ಮನೆ ಒಮ್ಮೆಲೇ ಖಾಲಿಯಾದ ಹಾಗಾಯಿತು. ಬಾಲ್ಕನಿಯ ಬಿಸಿಲು ಹಳದಿಯಾಗಿತ್ತು. ತಲೆಯೊಳಗೆ ಹಗುರವಾಗಿ ಏನೋ ತೇಲುತ್ತಿತ್ತು. ಕುರ್ಚಿಗಳ ಮೇಲೆಲ್ಲ ಪಾತ್ರೆ. ಸಿಕ್ಕಿದ ಒಂದೇ ಜಾಗದಲ್ಲಿ ಕುಸಿದು ಕೂತು, ಆರಿದ ಅನ್ನಕ್ಕೆ ಸಾರು ಹಾಕಿಕೊಂಡು ಕಲಸಿದೆ. ಕೂತದ್ದು ಗಿಡ್ಡ ಸ್ಟೂಲಿನ ಮೇಲೆ ಎಂದು ತಿಳಿದದ್ದು, ಕಾಲ ಬಳಿ ಅವನು ಬಂದು ಕೂತಾಗ.

ನನಗೆ ಅವನ ನೆನಪೇ ಇರಲಿಲ್ಲ. ಅಂಥ ಹಸಿವು ನನಗೆ ಹಿಂದೆಂದೂ ಆಗಿರಲಿಲ್ಲ. ಎಲ್ಲರ ಹೊಟ್ಟೆ ತುಂಬಿದೆ, ಇನ್ನು ಯಾರೂ ಬಾಕಿಯಿಲ್ಲ ಎಂದು ಗೊತ್ತಿರುವ ಹಸಿವು ಅದು. ಅದರಲ್ಲಿ ಎಂಥದೋ ಒಂದು ಸುಖವಿತ್ತು, ಅತ್ತೆ ಐವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸುಖ. ನನ್ನ ಆ ಹಳೆಯ ಭಾಷಣ ನೆನಪಾಗಿ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಅತ್ತೆ ಇಲ್ಲ ಎಂಬುದು ನನಗೆ ಪೂರ್ತಿಯಾಗಿ ಗೊತ್ತಾದದ್ದು ಆಗಲೇ.

ಪಕ್ಕದಲ್ಲಿದ್ದ ಅವನ ಬಟ್ಟಲಿಗೆ ಅನ್ನ ಹಾಕಿದೆ. ಅವನು ಮುಟ್ಟಲಿಲ್ಲ. ಸ್ಟೂಲಿನ ಕಡೆಯೂ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದ.

ಒಂದು ತುತ್ತು ಉಂಡೆ. ಆಮೇಲೆ ಅವನ ಕಡೆ ತಿರುಗಿದೆ. ದನಿ ಏರಲಿಲ್ಲ.

"ಸಾವಕಾಶ" ಎಂದೆ.

ಅವನು ಬಟ್ಟಲಿಗೆ ಬಾಯಿ ಹಾಕಿದ. ನಾನು ಎರಡನೆಯ ತುತ್ತು ಕಲಸಿದೆ. ಅವನೊಮ್ಮೆ ತಲೆಯೆತ್ತಿ, ನಾನು ಉಣ್ಣುತ್ತಿದ್ದೇನೆಯೇ ಎಂದು ನೋಡಿ, ಮತ್ತೆ ತಿನ್ನತೊಡಗಿದ.